ವೈನ್ ಮೇಳದಲ್ಲಿ ತಂಗಡಿ ಚಕ್ಕೆ

ನಮ್ಮ ಹುಡುಗ ಹುಡುಗಿಯರು ವೈನ್ ಮೇಳಕ್ಕೆ ಹೋಗಬೇಕು, ಹೋದಮೇಲೆ ಟಿಕೆಟ್ಟಿಗೆ ಕೊಟ್ಟ ಒಂದೊಂದು ರೂಪಾಯಿಯನ್ನೂ ವಸೂಲು ಮಾಡಿಕೊಂಡು ಬರಬೇಕು ಅಂತ ಬರೆಯುತ್ತಿದ್ದೇನೆ. ಬೈಯುವವರು ಮೊದಲು ಬೈದು ಮುಗಿಸಲಿ. 'ಕೇರಿಯಿಂದ ಹೆಂಡದಂಗಡಿ ಎತ್ತಿಸೋದಕ್ಕೆ ಹಿರೀಕರು ಒದೆ ತಿಂದರು. ಇವನು ನಾಲ್ಕಕ್ಷರ ಕಲಿತು ಡಿಗ್ರಿ ತಗೊಂಡು ವೈನು ಕುಡಿಯೋ ಪಾಠ ಹೇಳೋಕೆ ಬಂದ' ಅಂತ. ಈ ಬೈಗುಳದಲ್ಲಿ ನ್ಯಾಯ ಇದೆ. ನಮ್ಮಪ್ಪನ ಕೂಲಿಯಲ್ಲಿ ಅರ್ಧ ಸಾರಾಯಿ ಅಂಗಡಿಗೆ ಜಮಾ ಆಗುತ್ತಿತ್ತು, ಉಳಿದರ್ಧದಲ್ಲಿ ಅವ್ವ ನಮ್ಮನ್ನು ಸಾಕಿದಳು. ಕುಡಿತ ಮನೆ ಮುರೀತದೆ ಅನ್ನೋದನ್ನ ನನಗೆ ಯಾರೂ ಭಾಷಣ ಮಾಡಿ ತಿಳಿಸಬೇಕಾಗಿಲ್ಲ. ಕುಡಿಯದವರು ಕುಡಿಯದೆಯೇ ಇರಿ. ಮೇಳಕ್ಕೆ ಹೋಗಿ ಒಂದು ತೊಟ್ಟೂ ಬಾಯಿಗೆ ಹಾಕದೆ ಬಂದರೂ ದುಡ್ಡು ವಸೂಲಾಗ್ತದೆ. ಹೇಗೆ ಅಂತ ಮುಂದೆ ಹೇಳ್ತೀನಿ.

ನನ್ನ ಜಗಳ ಇರೋದು ಒಂದೇ ಕುಡಿತವನ್ನು ಎರಡು ಲೋಟಕ್ಕೆ ಹಂಚಿದವರ ಜೊತೆ.

2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ನಾನಾಗ ಏಳು ವರ್ಷದ ಹುಡುಗ. ಅದೇ 2007ರಲ್ಲಿ ಅದೇ ವಿಧಾನಸೌಧದಿಂದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಅನ್ನುವ ಇನ್ನೊಂದು ಕಾಗದವೂ ಹೊರಟಿತು. ವೈನಿಗೆಂದೇ ಒಂದು ಮಂಡಳಿ ಹುಟ್ಟಿತು. ಆ ಮಂಡಳಿಯನ್ನು ಯಾವ ಇಲಾಖೆಯ ಮಡಿಲಿಗೆ ಹಾಕಿದರು ಬಲ್ಲಿರಾ? ತೋಟಗಾರಿಕೆಗೆ. ಹೂವು, ಹಣ್ಣು, ಲಾಲ್‌ಬಾಗಿನ ಜೊತೆಗೆ. ನಮ್ಮಪ್ಪನ ಪ್ಯಾಕೆಟ್ಟು ಪೊಲೀಸರ ಪಾಲಿಗೆ ಹೋಯಿತು, ಅವರ ಬಾಟಲಿ ಹೂವಿನ ಸಾಲಿಗೆ ಸೇರಿತು. ಅದಕ್ಕೂ ಆರು ವರ್ಷ ಮುಂಚೆ, 2001ರಲ್ಲಿ, ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ತೆಂಗಿನ ನೀರಾ ಇಳಿಸುತ್ತೇವೆ ಅಂತ ಚಳವಳಿ ಹೂಡಿದ ರೈತರ ಮೇಲೆ ಗೋಲಿಬಾರ್ ಆಗಿತ್ತು, ಹೆಣ ಬಿದ್ದಿತ್ತು. ನೀರಾ ಹುಳಿ ಬರುವ ಮುಂಚಿನ ಸಿಹಿ ರಸ ಕಣ್ರಿ. ಅದರಲ್ಲಿ ಅಮಲಿಲ್ಲ. ತೆಂಗಿನ ರಸಕ್ಕೆ ಗುಂಡು, ದ್ರಾಕ್ಷಿಯ ರಸಕ್ಕೆ ಮಂಡಳಿ.

ಸಾರಾಯಿ ಹೋಯಿತು, ಕುಡಿತ ಹೋಯಿತೆ? ನಿಷೇಧವಾದ ಹತ್ತೇ ತಿಂಗಳಿಗೆ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ, ಆಚೆ ತಮಿಳುನಾಡಿನ ಕೃಷ್ಣಗಿರಿಯಲ್ಲಿ ಕಳ್ಳಬಟ್ಟಿ ಕುಡಿದು 150ಕ್ಕೂ ಹೆಚ್ಚು ಜನ ಸತ್ತರು. 1981ರಲ್ಲಿ ಬೆಂಗಳೂರೊಂದರಲ್ಲೇ ವಿಷಮದ್ಯಕ್ಕೆ 300ರಷ್ಟು ಜನ ಸತ್ತಿದ್ದರು. ಸತ್ತವರು ಯಾವ ಬಡಾವಣೆಯವರು ಅಂತ ಕೇಳಬೇಕೆ? ಬದುಕುಳಿದ ನಮ್ಮಪ್ಪನಂಥವರು ಪ್ಯಾಕೆಟ್ಟಿನಿಂದ ಕ್ವಾರ್ಟರಿಗೆ ಬಡ್ತಿ ಪಡೆದರು. 2025-26ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಅಬಕಾರಿಯಿಂದ ಎತ್ತಬೇಕೆಂದು ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಇದರಲ್ಲಿ ವೈನ್ ಮೇಳದವರ ಪಾಲೆಷ್ಟು, ಗಾರೆ ಕೆಲಸದವರ ಪಾಲೆಷ್ಟು ಅಂತ ನೀವೇ ನಿಮ್ಮೂರ ಬಾರಿನ ಮುಂದೆ ಸಂಜೆ ಏಳು ಗಂಟೆಗೆ ನಿಂತು ಎಣಿಸಿ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಲ್ಲಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಕಾಲು ಬೊಬ್ಬೆ ಎದ್ದದ್ದು ಬಿಟ್ಟರೆ ಅವರಿಗೆ ಏನು ಸಿಕ್ಕಿತು?

ಈ ಲೆಕ್ಕವನ್ನೆಲ್ಲ ತಲೆಯಲ್ಲಿಟ್ಟುಕೊಂಡೇ ಮೇಳದ ಒಳಕ್ಕೆ ಹೋಗೋಣ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಇಂಥ ಮೇಳಗಳು ನಡೆದಿವೆ. ನಾಸಿಕದ ಕಡೆ ಸುಲಾ ಕಂಪನಿಯವರು 2008ರಿಂದ ಹಾಡು ಕುಣಿತ ಸೇರಿಸಿ ದೊಡ್ಡ ಜಾತ್ರೆಯನ್ನೇ ಶುರುಮಾಡಿದರು. ಎಲ್ಲ ಕಡೆಯೂ ಪದ್ಧತಿ ಹೆಚ್ಚುಕಮ್ಮಿ ಒಂದೇ. ಬಾಗಿಲಲ್ಲಿ ಟಿಕೆಟ್ಟು, ಕಾಲುದ್ದದ ಗಾಜಿನ ಲೋಟ, ಸಾಲು ಮಳಿಗೆ, ಮಳಿಗೆಗೆ ಎರಡು ಗುಟುಕು ರುಚಿ. ಇಪ್ಪತ್ತೊಂದು ತುಂಬದವರಿಗೆ ಈ ರಾಜ್ಯದಲ್ಲಿ ಮದ್ಯ ಕೊಡುವಂತಿಲ್ಲ. ಚಿಕ್ಕವರು ಸುಮ್ಮನೆ ಆಸೆಪಡಬೇಡಿ.

ಒಳಗೆ ಒಬ್ಬ ಬಿಳಿ ಅಂಗಿಯವನು ನಿಂತು ಪಾಠ ಹೇಳುತ್ತಾನೆ. ಖಾಲಿ ಹೊಟ್ಟೆಯಲ್ಲಿ ಬರಬೇಡಿ, ನಡುನಡುವೆ ನೀರು ಕುಡೀರಿ, ಅವಸರ ಮಾಡಬೇಡಿ, ಎಲ್ಲವನ್ನೂ ನುಂಗಬೇಡಿ, ಇಷ್ಟವಾಗದಿದ್ದರೆ ಚೆಲ್ಲಿಬಿಡಿ. ಇದು ಬಲು ಒಳ್ಳೆ ಪಾಠ, ಕಿವಿಗೊಟ್ಟು ಕೇಳಿ. ಕೇಳುತ್ತಾ ಯೋಚನೆ ಮಾಡಿ: ನಮ್ಮೂರ ಸಾರಾಯಿ ಅಂಗಡಿಯ ಮುಂದೆ ಈ ಮಾತನ್ನು ಯಾವ ಸರ್ಕಾರದವನಾದರೂ ಬಂದು ಹೇಳಿದ್ದನೆ? ಕೂತುಕೊಳ್ಳೋಕೆ ಒಂದು ಬೆಂಚು, ಕುಡಿಯೋಕೆ ಒಂದು ಚೊಂಬು ನೀರು ಇಟ್ಟಿದ್ದರೆ? ನಿಂತಲ್ಲೇ ಹಲ್ಲಿನಲ್ಲಿ ಹರಿದು, ಗಂಟಲಿಗೆ ಸುರಿದು, ಉಪ್ಪು ನೆಕ್ಕಿ ಹೊರಡು. ಕುಡಿಯುವುದಕ್ಕೂ ಒಂದು ಮರ್ಯಾದೆ ಇದೆ ಅನ್ನೋ ವಿದ್ಯೆಯನ್ನು ಒಂದು ವರ್ಗಕ್ಕೆ ಮಾತ್ರ ಸಬ್ಸಿಡಿ ದರದಲ್ಲಿ ಕಲಿಸಿದ್ದಾರೆ. ಹೋಗಿ ಕದ್ದುಕೊಂಡು ಬನ್ನಿ.

ನಾನು ಮಾಡೋದು ಇಷ್ಟು. ಮನೆಯಲ್ಲೇ ಹೊಟ್ಟೆ ತುಂಬ ಮುದ್ದೆ ಸಾರು ಉಂಡು ಹೋಗ್ತೀನಿ. ಅಲ್ಲಿ ಸಕ್ಕರೆ ಡಬ್ಬಿಯಷ್ಟಗಲದ ತಟ್ಟೆಯಲ್ಲಿ ನಾಲ್ಕು ಚೂರು ಚೀಸ್ ಇಟ್ಟು ಕೇಳುವ ಬೆಲೆಗೆ ನಮ್ಮ ಮನೆಯಲ್ಲಿ ಎರಡು ದಿನದ ಸಾರು ಆಗ್ತದೆ. ನೀರಿನ ಬಾಟಲಿ ಜೊತೆಗಿರಲಿ. ಮೊದಲು ಬಿಳಿ ವೈನು, ಆಮೇಲೆ ಕೆಂಪು, ಸಿಹಿಯದು ಕೊನೆಗೆ. ಸಿಹಿ ಮೊದಲು ಬಾಯಿಗೆ ಬಿದ್ದರೆ ಮಿಕ್ಕದ್ದೆಲ್ಲ ಬರೀ ಹುಳಿ ಅನ್ನಿಸ್ತದೆ, ಹೋಳಿಗೆ ತಿಂದು ಮಜ್ಜಿಗೆ ಕುಡಿದ ಹಾಗೆ. ಆರೇಳು ಬಗೆ ಸಾಕು. ವೈನಿನಲ್ಲಿ ನೂರಕ್ಕೆ 12ರಿಂದ 14 ಪಾಲು ಆಲ್ಕೋಹಾಲ್ ಇರ್ತದೆ. ಹತ್ತು ಮಳಿಗೆಯಲ್ಲಿ 30 ಮಿಲಿಯ ಹಾಗೆ ನುಂಗಿದರೆ 300 ಮಿಲಿ, ಅರ್ಧ ಬಾಟಲಿಯ ಹತ್ತಿರಕ್ಕೆ ಬಂತು. ಅಷ್ಟಾದ ಮೇಲೆ ನಾಲಿಗೆಗೆ ಏನೂ ತಿಳಿಯಲ್ಲ, ಬಾಯಿಗೆ ಮಾತ್ರ ಎಲ್ಲ ತಿಳೀತದೆ. ಹೋಗಿ ಬರೋದು ಬಸ್ಸಿನಲ್ಲಿ, ಗಾಡಿ ಬೇಡ.

ಅವರು ನುಂಗದೆ ಉಗುಳೋದನ್ನ ನೋಡಿ. ಪ್ರತಿ ಮಳಿಗೆಯಲ್ಲೂ ಹೊಳೆಯುವ ಬಕೆಟ್ಟು ಇಟ್ಟಿರ್ತಾರೆ. ವೈನನ್ನು ಬಾಯಿತುಂಬ ಆಡಿಸಿ ಅದರೊಳಕ್ಕೆ ಉಗಿಯುವುದು ಅಲ್ಲಿ ನಾಗರಿಕತೆ, ಬಲ್ಲವರ ಲಕ್ಷಣ. ಪೇಶ್ವೆಗಳ ಕಾಲದ ಪುಣೆಯಲ್ಲಿ ನಮ್ಮವರು ಉಗುಳು ನೆಲಕ್ಕೆ ಬೀಳದ ಹಾಗೆ ಕೊರಳಿಗೆ ಮಡಕೆ ಕಟ್ಟಿಕೊಂಡು ನಡೆಯಬೇಕಿತ್ತು ಅಂತ ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ. ಇವತ್ತು ಎಲ್ಲ ಜಾತಿಯ ಎಂಜಲೂ ಒಂದೇ ಬಕೆಟ್ಟಿನಲ್ಲಿ ಬೆರೀತದೆ, ಸಂತೋಷ. ಆದರೆ ಬಕೆಟ್ಟು ತುಂಬಿದಾಗ ಅದನ್ನು ಎತ್ತಿಕೊಂಡು ಹೋಗುವವರು ಯಾರು ಅಂತ ಒಂದರ್ಧ ಗಂಟೆ ನಿಂತು ನೋಡಿ. ನಾನು ನೋಡಿದ್ದೇನೆ. ಹೆಸರು ಕೇಳಿದ್ದೇನೆ, ಊರು ಕೇಳಿದ್ದೇನೆ. ಮಿಕ್ಕದ್ದು ಕೇಳುವ ಅಗತ್ಯ ಬೀಳಲಿಲ್ಲ.

ಇನ್ನು ನಾಲಿಗೆಯ ಮಾತು. ನಮ್ಮವರು ಸೋಲುವುದು ಇಲ್ಲಿ.

ಕಾಲೇಜಿನಲ್ಲಿ ಇಂಗ್ಲಿಷಿನ ಮುಂದೆ ನಾಲಿಗೆ ಒಣಗಿದ ಹಾಗೇ ಮಳಿಗೆಯ ಮುಂದೆಯೂ ಒಣಗುತ್ತದೆ. ಅವನು ಲೋಟವನ್ನು ಗಿರಗಿರ ತಿರುಗಿಸಿ ಮೂಗಿಟ್ಟು 'ಬ್ಲ್ಯಾಕ್‌ಕರೆಂಟ್ ಬರ್ತಿದೆಯಾ ಸರ್?' ಅಂತಾನೆ. ನಮ್ಮ ಹುಡುಗ ಬ್ಲ್ಯಾಕ್‌ಕರೆಂಟ್ ಅನ್ನೋದನ್ನ ಐಸ್‌ಕ್ರೀಮಿನ ಡಬ್ಬಿಯ ಮೇಲೆ ಬಿಟ್ಟರೆ ಎಲ್ಲೂ ಕಂಡಿಲ್ಲ. ಆದರೂ 'ಬರ್ತಿದೆ ಬರ್ತಿದೆ' ಅಂತ ತಲೆಯಾಡಿಸ್ತಾನೆ. ಮಂತ್ರ ಅರ್ಥವಾಗದಿದ್ದರೂ ಕೈಮುಗಿದು ನಿಂತ ಹಾಗೆ. ಪುರೋಹಿತ ಬೇರೆ ವೇಷದಲ್ಲಿ ಬಂದಿದ್ದಾನೆ ಅಷ್ಟೆ. ಯಾಕಪ್ಪ ತಲೆಯಾಡಿಸ್ತೀಯ? ನಿನ್ನ ಮೂಗಿಗೆ ಏನು ಬಂತೋ ಅದನ್ನ ಹೇಳು. ಶಿರಾಜ್ ಅನ್ನೋ ಕೆಂಪು ವೈನಿನಲ್ಲಿ ನನಗೆ ಹಣ್ಣಾದ ನೇರಳೆ, ಅದರ ಹಿಂದೆ ಮೆಣಸಿನ ಘಾಟು ಸಿಕ್ಕಿತು. ಸೋವಿನ್ಯೋ ಬ್ಲಾಂಕ್ ಅನ್ನೋ ಬಿಳಿಯದರಲ್ಲಿ ಆಗತಾನೆ ಕುಯ್ದ ಹಸಿ ಹುಲ್ಲು, ದೋರೆ ಸೀಬೆಕಾಯಿ. ಕ್ಯಾಬರ್ನೆಯಲ್ಲಿ ಹೆಚ್ಚಿದ ದಪ್ಪ ಮೆಣಸಿನಕಾಯಿ. ಇವನ್ನೆಲ್ಲ ಕನ್ನಡದಲ್ಲೇ ಹೇಳಿದೆ. ಮಳಿಗೆಯವನು ಮೊದಲು ನಕ್ಕ, ಆಮೇಲೆ ತಾನೂ ಮೂಸಿ ನೋಡಿ 'ಹೌದಲ್ವಾ' ಅಂದ. ಪಾಪ, ಅವನೂ ಕನಕಪುರದ ಕಡೆಯ ಹುಡುಗ, ಬ್ಲ್ಯಾಕ್‌ಕರೆಂಟ್ ಅವನೂ ಕಂಡಿರಲಿಲ್ಲ.

ಕೆಂಪು ವೈನು ಬಾಯಿಗೆ ಹೋದ ಮೇಲೆ ನಾಲಿಗೆ, ಒಸಡು ಹಿಡಿದುಕೊಳ್ಳುತ್ತದೆ. ಅವರು ಅದಕ್ಕೆ 'ಟ್ಯಾನಿನ್' ಅಂತಾರೆ, ಅದರ ಮೇಲೆ ಕಾಲು ಗಂಟೆ ಭಾಷಣ ಬಿಗಿಯುತ್ತಾರೆ. ನಮ್ಮಜ್ಜಿ ಅದಕ್ಕೆ ಒಗರು ಅಂತಿದ್ದಳು. ಎಳೆ ಅಡಿಕೆ ಅಗಿದವರಿಗೆ, ಬಾಳೆಕಾಯಿ ಕಚ್ಚಿದವರಿಗೆ ಈ ರುಚಿ ಹೊಸದೇನಲ್ಲ. ಆದರೆ ಟ್ಯಾನಿನ್ ಅನ್ನೋ ಮಾತಿನ ಹುಟ್ಟು ಗೊತ್ತೇನು? ಅದು ಚರ್ಮ ಹದ ಮಾಡುವ ಕಸುಬಿನ ಮಾತು! ಯುರೋಪಿನಲ್ಲಿ ಓಕ್ ಮರದ ತೊಗಟೆ ಕುಟ್ಟಿ ಚರ್ಮ ನೆನೆಹಾಕುತ್ತಿದ್ದರು, ಆ ತೊಗಟೆಯ ಹೆಸರಿನಿಂದ ಬಂದದ್ದು. ನಮ್ಮ ತಾತ ತಂಗಡಿ ಗಿಡದ ಚಕ್ಕೆ ಕುಟ್ಟಿ, ತೊಟ್ಟಿಯಲ್ಲಿ ನೆನೆಸಿ, ತೊಗಲು ಹದ ಮಾಡುತ್ತಿದ್ದ. ಹಸಿ ತೊಗಲಿನ ಪ್ರೋಟೀನನ್ನು ಹಿಡಿದು ಬಿಗಿದು ಅದು ಕೊಳೆಯದಂತೆ ಕಾಯುವುದು ಯಾವುದೋ, ಎಂಜಲಿನ ಪ್ರೋಟೀನನ್ನು ಹಿಡಿದು ಬಾಯಿ ಒಣಗಿಸುವುದೂ ಅದೇ. ನಮ್ಮ ತಾತನ ತೊಟ್ಟಿಯಲ್ಲಿದ್ದದ್ದೇ ಅವರ ಲೋಟದಲ್ಲಿರೋದು. ತೊಟ್ಟಿಯ ಹತ್ತಿರ ಮೂಗು ಮುಚ್ಚಿಕೊಂಡು ಓಡಿದವರ ಮೊಮ್ಮಕ್ಕಳು ಲೋಟದ ಒಳಕ್ಕೆ ಮೂಗು ಇಳಿಬಿಟ್ಟು ನಿಂತಿದ್ದಾರೆ.

ಅಷ್ಟಕ್ಕೇ ನಿಲ್ಲಲಿಲ್ಲ. ಹಳೆಯ ಕೆಂಪು ವೈನನ್ನು ಹೊಗಳಬೇಕಾದರೆ ಜಗತ್ತಿನ ರುಚಿಪಂಡಿತರೆಲ್ಲ ಬಳಸುವ ಒಂದು ಮಾತು 'ಲೆದರ್'. ಚರ್ಮದ ವಾಸನೆ ಬರುತ್ತಿದೆ ಅಂತ ಕಣ್ಣು ಮುಚ್ಚಿ ಆನಂದಪಡ್ತಾರೆ. ಕೊಟ್ಟಿಗೆಯ ವಾಸನೆ, ಹೊಗೆಸೊಪ್ಪಿನ ವಾಸನೆ, ಮಳೆ ಬಿದ್ದ ಮಣ್ಣಿನ ವಾಸನೆ, ಇವೂ ಹೊಗಳಿಕೆಯೇ. ಸ್ವಾಮಿ, ಈ ವಾಸನೆಗಳೆಲ್ಲ ನಮ್ಮ ಮೈಮೇಲಿದ್ದಾಗ ನೀವು ನಮ್ಮನ್ನು ಊರಾಚೆ ಇಟ್ಟಿರಿ. ಬಾಟಲಿಗೆ ತುಂಬಿ ಬಿರಡೆ ಜಡಿದ ಮೇಲೆ ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುತ್ತಿದ್ದೀರಿ. ಮುಂದಿನ ಸಲ ಮಳಿಗೆಯಲ್ಲಿ ಯಾರಾದರೂ 'ಲೆದರ್' ಅಂದರೆ ನಮ್ಮ ಹುಡುಗಿಯರು ಹಿಂಜರಿಯದೆ ಮುಂದೆ ಹೋಗಿ, ಯಾವ ತೊಗಲು, ಎತ್ತಿನದೋ ಮೇಕೆಯದೋ, ತಂಗಡಿ ಚಕ್ಕೆಯಲ್ಲಿ ಹದ ಮಾಡಿದ್ದೋ ಅಳಲೆಕಾಯಲ್ಲೋ ಅಂತ ಕೇಳಿ. ಅವರಿಗೆ ಗೊತ್ತಿರಲ್ಲ. ನೀವು ಹೇಳಿಕೊಡಿ. ಆ ಮೇಳದಲ್ಲಿ ಮೇಷ್ಟರು ನೀವೇ.

ದ್ರಾಕ್ಷಿಯಲ್ಲೂ ಜಾತಿ ಮಾಡಿದ್ದಾರೆ. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ಕೋಲಾರದ ಕಡೆ ಬೆಳೆಯುವ ಬೆಂಗಳೂರು ಬ್ಲೂ ನಿಮಗೆ ಗೊತ್ತಲ್ಲ, ತಳ್ಳುಗಾಡಿಯಲ್ಲಿ ಮಾರುವ ಕಪ್ಪು ದ್ರಾಕ್ಷಿ, ದಪ್ಪ ಸಿಪ್ಪೆ, ಒಳಗೆ ಲೋಳೆ. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಬಂತು. ಇಸಾಬೆಲ್ಲಾ ಅನ್ನುವ ಅಮೆರಿಕದ ಕಡೆಯ ತಳಿ ಇದು ಅಂತ ಬಲ್ಲವರು ಗುರುತಿಸ್ತಾರೆ. ಇಸಾಬೆಲ್ಲಾದಲ್ಲಿ ಒಂದು ಗಾಢ ಸೊಗಡಿದೆ. ಇಂಗ್ಲಿಷಿನ ಪಂಡಿತರು ಅದಕ್ಕೆ ಇಟ್ಟ ಹೆಸರು ನರಿವಾಸನೆ. 1934ರಲ್ಲಿ ಫ್ರಾನ್ಸ್ ದೇಶ ಇಸಾಬೆಲ್ಲಾ ಸೇರಿಸಿ ಆರು ತಳಿಗಳ ಮೇಲೆ ನಿಷೇಧದ ಕಾನೂನು ಮಾಡಿತು. ಬಡ ರೈತರು ಔಷಧಿಯ ಖರ್ಚಿಲ್ಲದೆ ಹಿತ್ತಲಲ್ಲಿ ಬೆಳೆದುಕೊಂಡು ಕುಡಿಯುತ್ತಿದ್ದ ತಳಿಗಳು ಅವು. ಕುಡಿದರೆ ಹುಚ್ಚು ಹಿಡೀತದೆ ಅಂತಲೂ ಹಬ್ಬಿಸಿದರು. ಇಂಥ ಮಾತನ್ನು ನಾವು ಮೊದಲೆಲ್ಲೋ ಕೇಳಿಲ್ಲವೆ?

ಮೇಳದಲ್ಲಿ ಬೆಂಗಳೂರು ಬ್ಲೂವಿನ ವೈನು ಮೂಲೆಯ ಮಳಿಗೆಯಲ್ಲಿ, ಅಗ್ಗದ ಸಿಹಿ ಬಾಟಲಿಯಾಗಿ ಕೂತಿರುತ್ತದೆ. ನಡುವಿನ ಪಟ್ಟ ಕ್ಯಾಬರ್ನೆಗೆ, ಶಿರಾಜ್‌ಗೆ. ಆ ಪಟ್ಟದವರ ಬುಡ ಅಗೆದು ನೋಡಿ. ಹತ್ತೊಂಬತ್ತನೆ ಶತಮಾನದಲ್ಲಿ ಫಿಲಾಕ್ಸೆರಾ ಅನ್ನುವ ಹೇನಿನಂಥ ಹುಳ ಯುರೋಪಿನ ಬಳ್ಳಿಗಳ ಬೇರು ತಿಂದು ತೋಟಕ್ಕೆ ತೋಟವೇ ಒಣಗಿಸಿದಾಗ, ಕುಲೀನ ಬಳ್ಳಿಗಳನ್ನು ಉಳಿಸಿದ್ದು ಅಮೆರಿಕದ ಕಾಡುಬಳ್ಳಿಯ ಬೇರು. ಅದರ ಮೇಲೆ ಕಸಿ ಕಟ್ಟಿದರು. ನಮ್ಮ ಕಡೆಯೂ ಚೌಳು ನೆಲ, ಬರ ತಡೆಯಲಿ ಅಂತ ಡಾಗ್‌ರಿಡ್ಜ್ ಅನ್ನುವ ಬೇರಿನ ಮೇಲೆ ಕಸಿ ಮಾಡ್ತಾರೆ. ಬಾಟಲಿಯ ಚೀಟಿಯ ಮೇಲೆ ಕೊಂಬೆಯ ಹೆಸರು ಬಂಗಾರದ ಅಕ್ಷರದಲ್ಲಿದೆ. ಬೇರಿನ ಹೆಸರು ಎಲ್ಲಿದೆ ಹುಡುಕಿ.

ಬೇರಿನ ಸುದ್ದಿ ಬಂತಲ್ಲ, ಆ ಬುಡದಲ್ಲಿ ಕೂತವರ ಸುದ್ದಿಗೂ ಬರೋಣ. ನಮ್ಮವ್ವ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡಿದವಳು. ವೈನಿನ ದ್ರಾಕ್ಷಿಯಲ್ಲ, ತಿನ್ನೋ ದ್ರಾಕ್ಷಿ. ಮೈಲುತುತ್ತ ಸುಣ್ಣ ಕಲೆಸಿ ಹೊಡೆದ ಎಲೆಯ ನೀಲಿ ಅವಳ ಸೀರೆ ಸೆರಗಿನಿಂದ ಒಗೆದರೂ ಹೋಗುತ್ತಿರಲಿಲ್ಲ. ಅಕ್ಟೋಬರ್ ಸುಮಾರಿಗೆ ಬಳ್ಳಿ ಸವರಿದ ಮೇಲೆ ಕಣ್ಣುಗಳು ಒಟ್ಟಿಗೆ ಒಡೆಯಲಿ ಅಂತ ದ್ರಾಕ್ಷಿ ತೋಟಗಳಲ್ಲಿ ಒಂದು ಔಷಧಿ ಹಚ್ಚುತ್ತಾರೆ, ಹೈಡ್ರೋಜನ್ ಸಯನಮೈಡ್. ಬಟ್ಟೆ ಅದ್ದಿ ಅದ್ದಿ ಒಂದೊಂದು ಕಣ್ಣಿಗೂ ಒರೆಸಬೇಕು. ಕೈಗವಸು ಕೊಟ್ಟರೆ ಪುಣ್ಯ. ಈ ಔಷಧಿಗೆ ಒಂದು ಗುಣ ಇದೆ. ಇದು ಮೈಸೇರಿದ ಮನುಷ್ಯ ಆಮೇಲೆ ಮದ್ಯ ಕುಡಿದರೆ ಮುಖ ಕೆಂಡವಾಗ್ತದೆ, ಎದೆ ಹೊಡಕೊಳ್ತದೆ, ವಾಂತಿ, ತಲೆಸುತ್ತು. ಒಳಗೆ ಸೇರಿದ ಆಲ್ಕೋಹಾಲನ್ನು ದೇಹ ಕರಗಿಸದ ಹಾಗೆ ಅದು ತಡೀತದೆ. ಕುಡಿತ ಬಿಡಿಸೋದಕ್ಕೆ ಡಾಕ್ಟರು ಕೊಡೋ ಮಾತ್ರೆ ಮಾಡೋ ಕೆಲಸವೂ ಇದೇ. ಹಚ್ಚುವ ಮುಂಚೆಯೂ ಹಚ್ಚಿದ ಮೇಲೂ ಮದ್ಯ ಮುಟ್ಟಬಾರದು ಅಂತ ಡಬ್ಬಿಯ ಮೇಲೆ ಬರೆದಿರ್ತದೆ, ಓದೋಕೆ ಬರುವವರಿಗೆ.

ಗೆಳೆಯರೆ, ಇದನ್ನು ಇನ್ನೊಮ್ಮೆ ಓದಿ. ಯಾರ ಕೈ ಸವರಿ ಬಳ್ಳಿ ಚಿಗುರಿತೋ ಅವನು ಆ ಸಂಜೆ ಒಂದು ಗುಟುಕು ಕುಡಿದರೂ ಮೈ ಉರಿದು ಬೀಳುತ್ತಾನೆ. ಗುಡಿ ಕಟ್ಟಿದವನು ಗುಡಿಯ ಹೊರಗೆ ನಿಲ್ಲಬೇಕು ಅನ್ನೋದಕ್ಕೆ ಶಾಸ್ತ್ರದ ಆಧಾರ ಕೊಡುತ್ತಿದ್ದರು. ಇಲ್ಲಿ ರಸಾಯನಶಾಸ್ತ್ರವೇ ಆ ಕೆಲಸ ಮಾಡ್ತಿದೆ.

ಮೇಳದಲ್ಲಿ ದ್ರಾಕ್ಷಿ ತುಳಿಯುವ ಆಟವೊಂದು ಇರ್ತದೆ. ಪ್ಯಾಂಟು ಮಡಿಚಿಕೊಂಡು ತೊಟ್ಟಿಯೊಳಗೆ ಕುಣಿದು ಫೋಟೋ ಹೊಡೆಸಿಕೊಳ್ಳೋದು. ಪಾದದಿಂದ ಹುಟ್ಟಿದವರು ಅಂತ ಯಾರನ್ನೋ ಕರೆದವರ ಮಕ್ಕಳು ಪಾದಸೇವೆ ಮಾಡೋದು ನೋಡೋಕೆ ಚೆಂದ, ಅಷ್ಟೆ. ದುಡ್ಡು ಕೊಟ್ಟು ತುಳಿಯಬೇಡಿ. ತುಳಿದ ದ್ರಾಕ್ಷಿ ಸುಮ್ಮನೆ ದಂಡ.

ವೈನು ಆರೋಗ್ಯಕ್ಕೆ ಒಳ್ಳೇದು, ಹೃದಯಕ್ಕೆ ಒಳ್ಳೇದು ಅಂತ ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿಸಿ ಕೇಳಿ. ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸೇರಿಸಿದ್ದು 1988ರಲ್ಲಿ. ಮದ್ಯಕ್ಕೆ ಇಷ್ಟರವರೆಗೆ ಕ್ಷೇಮ ಅನ್ನುವ ಪ್ರಮಾಣವೇ ಇಲ್ಲ ಅಂತ ಆ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಸಾರಾಯಿ ಕುಡಿದರೆ ಲಿವರ್ ಹೋಗ್ತದೆ, ವೈನು ಕುಡಿದರೆ ಆಯಸ್ಸು ಬರ್ತದೆ ಅನ್ನೋ ವೈದ್ಯವನ್ನು ಯಾವ ಮನು ಬರೆದನೋ. ರುಚಿಗೆ ಬಂದಿದ್ದೀರಾ, ರುಚಿ ನೋಡಿ. ಔಷಧಿ ಅಂತ ಸುಳ್ಳು ಹೇಳಬೇಡಿ, ನಮಗೆ ಔಷಧಿಯಂಗಡಿ ಗೊತ್ತು.

ಕುಡಿಯದವರು ದುಡ್ಡು ವಸೂಲು ಮಾಡೋದು ಹೇಗೆ ಅಂತ ಹೇಳ್ತೀನಿ ಅಂದಿದ್ದೆ. ಕೇಳೋದರಿಂದ. ಒಂದು ಬಾಟಲಿ ಅಂದರೆ 750 ಮಿಲಿ, ಅದಕ್ಕೆ ಹೆಚ್ಚುಕಮ್ಮಿ ಒಂದೂಕಾಲು ಕಿಲೋ ದ್ರಾಕ್ಷಿ ಬೇಕು. ಪ್ರತಿ ಮಳಿಗೆಯಲ್ಲೂ ಕೇಳಿ: ಈ ದ್ರಾಕ್ಷಿ ಯಾವ ಊರಿಂದು? ಬೆಳೆದವನಿಗೆ ಕಿಲೋಗೆ ಎಷ್ಟು ಕೊಟ್ರಿ? ಕುಯ್ದ ಹೆಂಗಸಿಗೆ ದಿನಕ್ಕೆ ಎಷ್ಟು, ಗಂಡಸಿಗೆ ಎಷ್ಟು? ಕಣ್ಣಿಗೆ ಔಷಧಿ ಹಚ್ಚಿದವರಿಗೆ ಕೈಗವಸು ಕೊಟ್ಟಿದ್ರಾ? ಸರ್ಕಾರದ ಮಂಡಳಿಯವರು ಕೂತಿದ್ದರೆ ಅವರನ್ನೂ ಬಿಡಬೇಡಿ. ಮಳಿಗೆಯ ಹುಡುಗನ ಮೇಲೆ ರೇಗಬೇಡಿ, ಅವನೂ ದಿನಗೂಲಿ. ಅವನ ಯಜಮಾನ ಹಿಂದೆ ಕುರ್ಚಿಯಲ್ಲಿರ್ತಾನೆ, ಅವನನ್ನು ಕರೆಸಿ. ಮಧ್ಯಾಹ್ನ ಬೇಗ ಹೋಗಿ, ಸಂಜೆ ಜನ ತುಂಬಿದ ಮೇಲೆ ಯಾರೂ ಉತ್ತರ ಕೊಡಲ್ಲ.

ಯಾವ ಮೇಳ, ಯಾವ ಮಳಿಗೆ, ಯಾವ ಪ್ರಶ್ನೆಗೆ ಏನು ಉತ್ತರ ಬಂತು ಅನ್ನೋದನ್ನ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಉತ್ತರ ಕೊಡದೆ ನಕ್ಕಿದ್ದರೆ ಅದನ್ನೂ ಬರೀರಿ. ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ಅಚ್ಚು ಹಾಕೋಣ.